ಹುಬ್ಬಿಗೆ ಹಚ್ಚೆ, ಹತ್ತು ದಿನದ ಪಥ್ಯ

ಬೆಳಗಾವಿಯ ತರಕಾರಿ ಗಾಡಿಗಳು ಘಟ್ಟ ಇಳಿದು ಗೋವಾಕ್ಕೆ ಹೋಗುವಂತೆ ನಮ್ಮ ಕಡೆಯ ಹುಡುಗ-ಹುಡುಗಿಯರೂ ದುಡಿಮೆಗಾಗಿ ಅದೇ ದಾರಿ ಹಿಡಿದು ಎಷ್ಟೋ ವರ್ಷಗಳಾದವು. ಮಡಗಾಂವ್-ಪಣಜಿ ಹೆದ್ದಾರಿಯ ವೆರ್ಣಾ ಔದ್ಯೋಗಿಕ ವಸಾಹತಿನಲ್ಲಿ ಪಾಳಿ ಬದಲಾಗುವ ಹೊತ್ತಿಗೆ ನಿಂತರೆ ಕೊಂಕಣಿ, ಹಿಂದಿಯ ಜೊತೆಗೆ ವಿಜಯಪುರ, ಬಾಗಲಕೋಟೆ, ಹಾವೇರಿ ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ. ಸಿಪ್ಲಾ, ಲೂಪಿನ್‌ನಂಥ ಔಷಧ ಕಂಪನಿಗಳ ಕಾರ್ಖಾನೆಗಳಿರುವುದು ಇಲ್ಲಿಯೇ.

ಔಷಧ ತಯಾರಾಗುವ ಕೋಣೆಗೆ ಹೋಗುವವರು ತಲೆಗೆ ಟೊಪ್ಪಿಗೆ, ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಬೇಕು. ಪೌಡರ್, ಕಾಡಿಗೆ, ಹುಬ್ಬಿನ ಪೆನ್ಸಿಲ್ ಯಾವುದೂ ನಡೆಯದು. ಅದರ ಪುಡಿ ಔಷಧದಲ್ಲಿ ಬಿದ್ದರೆ ಕೆಲಸ ಕೆಟ್ಟಿತು. ಇನ್ನು ಮುಖದಲ್ಲಿ ಕಾಣುವುದು ಕಣ್ಣು, ಹುಬ್ಬು ಎರಡೇ. ಬೆವರಿಗೆ ಅಳಿಸದ, ದಿನಾ ತಿದ್ದಬೇಕಿಲ್ಲದ ಹುಬ್ಬು ಬೇಕೆಂದು ಹುಡುಗಿಯರಿಗೆ ಅನಿಸಿದರೆ ಆಶ್ಚರ್ಯವಿಲ್ಲ. ತಪ್ಪೂ ಇಲ್ಲ. ಅಜ್ಜಿಯರ ಹಣೆ, ಗದ್ದ, ಮುಂಗೈ ಮೇಲಿನ ಹಸಿರು ಹಚ್ಚೆ ನೋಡಿ ಬೆಳೆದ ನಾವು, ಮರಾಠಿಯಲ್ಲಿ ಅದಕ್ಕೆ ಗೋಂದಣ ಅನ್ನುವ ನಮ್ಮ ನೆರೆಯವರು, ಮೊಮ್ಮಗಳ ಹುಬ್ಬಿನ ಹಚ್ಚೆಗೆ ಮೂಗು ಮುರಿಯುವುದರಲ್ಲಿ ಅರ್ಥವಿಲ್ಲ.

ತೊಡಕು ಬೇರೆ ಕಡೆ ಇದೆ. ಔಷಧ ಕಾರ್ಖಾನೆಗಳಿಗೆ ಸರ್ಕಾರ ಹಾಕಿಕೊಟ್ಟ ‘ಶೆಡ್ಯೂಲ್ ಎಂ’ ನಿಯಮಾವಳಿಯ ಪ್ರಕಾರ ಮೈಮೇಲೆ ತೆರೆದ ಗಾಯವಿದ್ದು, ಅದರಿಂದ ಮಾಲು ಕೆಡಬಹುದೆಂದಾದರೆ ಅಂಥವರು ಔಷಧ ಮುಟ್ಟುವಂತಿಲ್ಲ. ಹುಬ್ಬಿನ ಹಚ್ಚೆ ಎಂದರೆ ಮೊದಲ ಒಂದು ವಾರ ಅದು ಗಾಯವೇ. ‘ಎರಡ ತಾಸಿನ ಕೆಲಸ, ನಾಳೆ ಡ್ಯೂಟಿಗೆ ಹೋಗಬಹುದು’ ಎಂಬ ಮಾತು ಎರಡು ತಾಸಿನ ಮಟ್ಟಿಗೆ ಖರೆ. ಉಳಿದದ್ದು ಗಾಯ ಮಾಯುವ ಲೆಕ್ಕ.

ಸಣ್ಣ ಸಣ್ಣ ಸೂಜಿಗಳನ್ನು ಸಾಲಾಗಿ ಜೋಡಿಸಿದ ಅಲಗಿನಿಂದ ಚರ್ಮವನ್ನು ಕೂದಲೆಳೆಯಂತೆ ಗೀರಿ ಬಣ್ಣ ತುಂಬುವುದು ಮೈಕ್ರೋಬ್ಲೇಡಿಂಗ್. ಮಷೀನಿನಿಂದ ಚುಚ್ಚುವ ಪದ್ಧತಿಯೂ ಉಂಟು. ಅಜ್ಜಿಯ ಹಚ್ಚೆಯ ಬಣ್ಣ ದೀಪದ ಮಸಿಯದು, ಆಳಕ್ಕೆ ಇಳಿದದ್ದು. ಸಾಯುವ ತನಕ ಇರುತ್ತದೆ. ಇದು ಒಳಚರ್ಮದ ಮೇಲ್ಪದರದಲ್ಲಿ ಮಾತ್ರ ನಿಲ್ಲುವಂಥದ್ದು. ಬಣ್ಣಗಳಲ್ಲಿ ಹೆಚ್ಚಾಗಿ ಕಬ್ಬಿಣದ ಆಕ್ಸೈಡ್ ಇರುತ್ತದೆ. ಒಂದರಿಂದ ಮೂರು ವರ್ಷದೊಳಗೆ ಮಾಸುತ್ತದೆ.

ಮೊದಲ ದಿನ ಹುಬ್ಬಿನಿಂದ ತೆಳು ನೀರು ಒಸರುತ್ತದೆ. ಅದನ್ನು ಶುದ್ಧ ಗಾಜಿನಿಂದ (ಕಿಟಕಿಯ ಗಾಜಲ್ಲ, ಆಸ್ಪತ್ರೆಯ ಜಾಳಿಗೆ ಬಟ್ಟೆ) ಒತ್ತಿ ತೆಗೆಯಬೇಕು. ಒಣಗಲು ಬಿಟ್ಟರೆ ದಪ್ಪ ಹಕ್ಕಳೆ ಕಟ್ಟುತ್ತದೆ. ಎರಡು-ಮೂರನೇ ದಿನ ಹುಬ್ಬು ಕರ್ರಗೆ, ಇದ್ದುದಕ್ಕಿಂತ ದಪ್ಪ ಕಾಣುತ್ತದೆ. ‘ಕರಡಿ ಹಂಗ ಆಗೇನಿ’ ಅಂತ ಅಳು ಬರುವುದು ಆಗಲೇ. ಐದನೆಯ ದಿನದ ಸುಮಾರಿಗೆ ನವೆ ಶುರು, ಹಕ್ಕಳೆ ಉದುರುತ್ತದೆ, ಹತ್ತನೆಯ ದಿನದ ಹೊತ್ತಿಗೆ ಅಡಿಯ ಬಣ್ಣ ಅಲ್ಲಲ್ಲಿ ಮಾಯವಾದಂತೆ ತೋರುತ್ತದೆ. ಈಗ ‘ರೊಕ್ಕ ನೀರಾಗ ಹೋತು’ ಎಂಬ ಅಳು. ಎರಡೂ ಸಲ ಮಾಡಬೇಕಾದದ್ದು ಒಂದೇ: ಸುಮ್ಮನಿರುವುದು. ಹೊಸ ಚರ್ಮ ತಿಳಿಯಾಗುತ್ತ ನಿಜವಾದ ಬಣ್ಣ ತೋರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಗೂ ತೇಪೆ ಬೇಕೆನಿಸಿದರೆ ಆರೆಂಟು ವಾರಕ್ಕೆ ಹಾಕಿಸಬಹುದು, ಅದಕ್ಕೂ ಮುಂಚೆ ಬೇಡ. ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸಿದರೆ ಬಣ್ಣವೂ ಅದರ ಜೊತೆಗೇ ಬರುತ್ತದೆ, ಕಲೆ ಉಳಿಯುತ್ತದೆ.

ಆರೈಕೆ ಸಾದಾ. ಕೈ ತೊಳೆದು, ಕುದಿಸಿ ಆರಿಸಿದ ನೀರು ಮತ್ತು ಸೌಮ್ಯ ಸೋಪಿನಿಂದ ಮೆಲ್ಲಗೆ ತೊಳೆದು ಒತ್ತಿ ಒಣಗಿಸುವುದು. ಹೇಳಿದ್ದರೆ ಮುಲಾಮು, ಅದೂ ಅಕ್ಕಿಕಾಳಿನಷ್ಟು. ವೆರ್ಣಾದ ಸೆಕೆಯಲ್ಲಿ ಮುಲಾಮು ದಪ್ಪಗೆ ಬಳಿದರೆ ಬೆವರು ಒಳಗೇ ನಿಂತು ಗಾಯ ಕೊಳೆಯುತ್ತದೆ. ಮನೆಯವರು ಫೋನಿನಲ್ಲಿ ಹೇಳುವ ಅರಿಶಿಣ, ಕೊಬ್ಬರಿ ಎಣ್ಣೆ, ಸುಣ್ಣ ಇವೆಲ್ಲ ಬೇಡ. ಅರಿಶಿಣ ಒಳ್ಳೆಯದೇ, ಆದರೆ ಡಬ್ಬಿಯ ಅರಿಶಿಣ ಸೋಂಕು ತೆಗೆದ ಔಷಧವಲ್ಲ, ಹಸಿ ಗಾಯದ ಬಣ್ಣವನ್ನೂ ಕೆಡಿಸುತ್ತದೆ. ಸುಣ್ಣವಂತೂ ಸುಡುತ್ತದೆ. ಮೆಡಿಕಲ್ ಅಂಗಡಿಯವ ನವೆಗೆಂದು ಕೊಡುವ ಸ್ಟೆರಾಯ್ಡ್ ಮುಲಾಮು ಇನ್ನೂ ಕೆಟ್ಟದ್ದು: ಚರ್ಮ ತೆಳುವಾಗುತ್ತದೆ, ಸೋಂಕು ಮರೆಯಾಗಿ ಒಳಗೇ ಬೆಳೆಯುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿದ್ದು ಸುಮ್ಮನೆ ಅಲ್ಲ. ರವಿವಾರದ ಕೋಲ್ವಾ, ಮಾಜೋರ್ಡಾ ಕಡಲ ಸ್ನಾನವೂ ಎರಡು ವಾರ ಬಂದ್. ಊರಿಗೆ ಬಂದರೆ ಜೋಳದ ರಾಶಿ, ಮೆಣಸಿನಕಾಯಿಯ ಘಾಟು, ಔಷಧ ಹೊಡೆಯುವ ಹೊಲ ಇವುಗಳಿಂದ ದೂರ.

ನಮ್ಮಲ್ಲಿ ಹೆಚ್ಚಿನ ಎಡವಟ್ಟು ಆಗುವುದು ಲಗ್ನದ ಲೆಕ್ಕದಲ್ಲಿ. ಯುಗಾದಿ ಮುಗಿದು ಅಕ್ಷಯ ತೃತೀಯದ ಸುತ್ತ ಮದುವೆ. ಹುಡುಗಿ ರಜೆ ಹಾಕಿ ಬರುವ ಹಿಂದಿನ ವಾರ ಹುಬ್ಬು ಮಾಡಿಸಿಕೊಂಡರೆ, ಅರಿಶಿಣದ ಶಾಸ್ತ್ರದ ದಿನ ಅತ್ತೆ-ಚಿಕ್ಕಮ್ಮಂದಿರು ಮುಖಕ್ಕೆ ಅರಿಶಿಣ ತಿಕ್ಕುವಾಗ ಹಕ್ಕಳೆ ಹಸಿಯೇ ಇರುತ್ತದೆ. ಫೋಟೋದಲ್ಲಿ ಬೀಳುವುದು ಅರ್ಧ ಕರಿ, ಅರ್ಧ ಬೋಳು ಹುಬ್ಬು. ಲಗ್ನಕ್ಕೆ ಎರಡು ತಿಂಗಳ ಮೊದಲೇ ಮಾಡಿಸಬೇಕು. ಬಸುರಿ-ಬಾಣಂತಿಯರು ಮುಂದೆ ಹಾಕುವುದು ಒಳ್ಳೆಯದು. ಸಕ್ಕರೆ ಕಾಯಿಲೆ ಇದ್ದವರು, ರಕ್ತ ತೆಳುವಾಗುವ ಗುಳಿಗೆ ನುಂಗುವವರು, ಹಿಂದೆ ಗಾಯದ ಜಾಗದಲ್ಲಿ ಗಂಟು ಎದ್ದವರು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ಅಂಗಡಿ ಆರಿಸುವಾಗ ದರಕ್ಕಿಂತ ಸೂಜಿ ನೋಡಿ. ಸೀಲ್ ಮಾಡಿದ ಹೊಸ ಅಲಗನ್ನು ನಿಮ್ಮ ಕಣ್ಣೆದುರೇ ಬಿಚ್ಚಬೇಕು. ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗೆ ಬಂದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ದಾಟುವ ಅಪಾಯವಿದೆ. ಬಣ್ಣಕ್ಕೆ ನಲ್ಲಿ ನೀರು ಬೆರೆಸಿದರೆ ಎದ್ದು ಬನ್ನಿ. 2011-12ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಹಚ್ಚೆ ಹಾಕಿಸಿಕೊಂಡವರ ಚರ್ಮದಲ್ಲಿ ಗುಳ್ಳೆಗಳೆದ್ದಾಗ, ಶಾಯಿಯಲ್ಲೇ ಮೈಕೋಬ್ಯಾಕ್ಟೀರಿಯಾ ಇದ್ದದ್ದು ಪತ್ತೆಯಾಗಿತ್ತು. ಅಂಗಡಿ ಚೊಕ್ಕ ಇದ್ದರೂ ಹೀಗಾಗಬಹುದು.

ಮೂರು ದಿನದ ಮೇಲೆ ನೋವು ಇಳಿಯುವ ಬದಲು ಏರಿದರೆ, ಕೆಂಪು ಹಣೆಗೆ ಹರಡಿದರೆ, ಹಳದಿ ಕೀವು, ಜ್ವರ ಬಂದರೆ, ವಾರಗಳಾದ ಮೇಲೆ ಗಂಟು ಎದ್ದರೆ ಹುಬ್ಬು ಮಾಡಿದವರ ಬಳಿ ಅಲ್ಲ, ಡಾಕ್ಟರ ಬಳಿ ಹೋಗಬೇಕು. ಇಎಸ್‌ಐ ಕಾರ್ಡ್ ಇದ್ದವರಿಗೆ ಮಡಗಾಂವಿನಲ್ಲಿ ಇಎಸ್‌ಐ ಆಸ್ಪತ್ರೆ ಇದೆ; ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ ಚರ್ಮರೋಗ ವಿಭಾಗ ಇದೆ. ಮುಂದೆ ಎಂದಾದರೂ ಎಂಆರ್‌ಐ ಮಾಡಿಸುವಾಗ ಹಚ್ಚೆ ಇದೆ ಎಂದು ತಿಳಿಸಬೇಕು, ಕಬ್ಬಿಣದ ಬಣ್ಣ ಅಪರೂಪಕ್ಕೆ ಉರಿ ತರುತ್ತದೆ. ಹಚ್ಚೆ ಹಾಕಿಸಿದ ಮೇಲೆ 12 ತಿಂಗಳು ರಕ್ತದಾನ ಮಾಡುವಂತಿಲ್ಲ.

ಇನ್ನು ರಜೆಯ ಮಾತು. ಗುತ್ತಿಗೆ ಕೆಲಸದವರಿಗೆ ಒಂದು ದಿನ ತಪ್ಪಿದರೆ ಒಂದು ದಿನದ ಪಗಾರ ಹೋಗುತ್ತದೆ. ಹಾಗೆಂದು ಗಾಯ ಮುಚ್ಚಿಟ್ಟು, ಟೊಪ್ಪಿಗೆ ಹುಬ್ಬಿನ ತನಕ ಎಳೆದುಕೊಂಡು ಒಳಗೆ ಹೋದರೆ ಬೆವರು ತಿಕ್ಕಿ ಹುಬ್ಬೂ ಕೆಡುತ್ತದೆ, ಸಿಕ್ಕಿಬಿದ್ದರೆ ಕೆಲಸಕ್ಕೂ ಕುತ್ತು. ಮೊದಲೇ ಸೂಪರ್‌ವೈಜರ್‌ಗೆ ಹೇಳಿ, ಒಂದು ವಾರ ಪ್ಯಾಕಿಂಗ್ ಹೊರಗಿನ ಕೆಲಸವೋ, ಕೂಡಿಟ್ಟ ರಜೆಯೋ ಕೇಳಿಕೊಂಡು, ಆಮೇಲೆ ದಿನ ಗೊತ್ತು ಮಾಡಬೇಕು. ಹುಬ್ಬಿನ ಖರ್ಚು ಬರೆಯುವಾಗ ಆ ಒಂದು ವಾರದ ಪಗಾರವನ್ನೂ ಅದರ ಕೆಳಗೆ ಬರೆದು ಕೂಡಿಸಿ.