ಚಿಪ್ಪುಮೀನು ತಿಂದರೆ ‘ಶಕ್ತಿ’ ಹೆಚ್ಚುವುದೇ?

ಮೀನು, ಸಿಗಡಿ, ಚಿಪ್ಪುಮೀನು ತಿಂದರೆ ಪುರುಷತ್ವ ಹೆಚ್ಚುತ್ತದೆ ಎಂಬ ನಂಬಿಕೆ ಹಲವು ದೇಶಗಳಲ್ಲಿದೆ. ಯುರೋಪಿನಲ್ಲಿ ಸಿಂಪಿಗೆ, ಅಂದರೆ ಆಯ್‌ಸ್ಟರ್‌ಗೆ, ಈ ಹೆಸರು ಬಹುಕಾಲದಿಂದ ಅಂಟಿಕೊಂಡಿದೆ. ನಮ್ಮಲ್ಲೂ ಕೆಲವರು ವೈದ್ಯರಲ್ಲಿ ಬೇರೆಲ್ಲ ಮಾತು ಮುಗಿದ ಮೇಲೆ ತಗ್ಗಿದ ದನಿಯಲ್ಲಿ ಇದನ್ನು ವಿಚಾರಿಸುವುದುಂಟು. ಇದರಲ್ಲಿ ನಾಚಿಕೆಪಡಬೇಕಾದ್ದೇನೂ ಇಲ್ಲ. ವಿಜ್ಞಾನಿಗಳೂ ಇದನ್ನು ಪರೀಕ್ಷೆಗೆ ಒಡ್ಡಿದ್ದಾರೆ.

ಮೊದಲು ಸತುವಿನ ವಿಚಾರ. ಸಿಂಪಿಯಲ್ಲಿ ಸತುವಿನ ಅಂಶ ಬಹಳ ಹೆಚ್ಚು. ಭಾರತೀಯ ಮೂಲದ ವೈದ್ಯ ಆನಂದ ಪ್ರಸಾದ್, 1960ರ ದಶಕದಲ್ಲಿ ಈಜಿಪ್ಟಿನಲ್ಲಿ ಬೆಳವಣಿಗೆ ಕುಂಠಿತವಾಗಿ ಪ್ರಾಯಕ್ಕೆ ಬಾರದಿದ್ದ ಹುಡುಗರಲ್ಲಿ ಸತುವಿನ ಕೊರತೆಯನ್ನು ಗುರುತಿಸಿದರು. ಆರೋಗ್ಯವಂತ ಯುವಕರಿಗೆ 20 ವಾರ ಸತು ಕಡಿಮೆಯಿರುವ ಆಹಾರ ಕೊಟ್ಟಾಗ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಇಳಿಯಿತೆಂದು ಅವರ ತಂಡ 1996ರಲ್ಲಿ ವರದಿ ಮಾಡಿತು. ಆದರೆ ಒಂದು ಮಾತು ಗಮನಿಸಿ. ಕೊರತೆ ಇದ್ದವರಿಗೆ ಸತುವಿನಿಂದ ಪ್ರಯೋಜನ ಉಂಟು. ಸಾಕಷ್ಟು ಇರುವವರಿಗೆ ಇನ್ನಷ್ಟು ಕೊಟ್ಟರೆ ಶಕ್ತಿ ಇಮ್ಮಡಿಯಾಗುವುದಿಲ್ಲ.

ಎರಡನೆಯದು ಡಿ-ಆಸ್ಪಾರ್ಟಿಕ್ ಆಮ್ಲ. ಇಟಲಿ ಮತ್ತು ಅಮೆರಿಕದ ವಿಜ್ಞಾನಿಗಳು ಇದು ಚಿಪ್ಪುಜೀವಿಗಳಲ್ಲಿದೆ ಎಂದು 2005ರಲ್ಲಿ ತಿಳಿಸಿದರು. ಇಲಿಗಳಿಗೆ ಇದನ್ನು ಚುಚ್ಚಿದಾಗ ಟೆಸ್ಟೋಸ್ಟೆರಾನ್ ಏರುವುದು ಮೊದಲೇ ಗೊತ್ತಿತ್ತು. ‘ಸಿಂಪಿಯ ಗುಟ್ಟು ಬಯಲಾಯಿತು’ ಎಂದು ಪತ್ರಿಕೆಗಳು ಸಂಭ್ರಮಿಸಿದವು. ಆದರೆ ಚಿಪ್ಪುಮೀನನ್ನು ಮನುಷ್ಯರಿಗೆ ತಿನ್ನಿಸಿ ಮಾಡಿದ ಪರೀಕ್ಷೆ ಅದಲ್ಲ. 2009ರಲ್ಲಿ 23 ಗಂಡಸರಿಗೆ ಈ ಆಮ್ಲವನ್ನು ದಿನಕ್ಕೆ ಸುಮಾರು 3 ಗ್ರಾಂನಂತೆ 12 ದಿನ ಕೊಟ್ಟಾಗ ಟೆಸ್ಟೋಸ್ಟೆರಾನ್ ಏರಿತು. 2013ರಲ್ಲಿ ವ್ಯಾಯಾಮ ಮಾಡುವ ಗಂಡಸರಿಗೆ 28 ದಿನ ಕೊಟ್ಟಾಗ ಯಾವ ಬದಲಾವಣೆಯೂ ಕಾಣಲಿಲ್ಲ. 2015ರ ಇನ್ನೊಂದು ಪ್ರಯೋಗದಲ್ಲಿ 6 ಗ್ರಾಂ ಕೊಟ್ಟಾಗ ಅದು ಇಳಿದೇಹೋಯಿತು!

ಮೂರನೆಯದು 2018ರ ವರದಿ. ಅಮೆರಿಕದ ಮಿಷಿಗನ್ ಮತ್ತು ಟೆಕ್ಸಾಸ್‌ನಲ್ಲಿ ಮಗು ಬಯಸುತ್ತಿದ್ದ 501 ದಂಪತಿಗಳ ದಿನಚರಿಯನ್ನು ಪರಿಶೀಲಿಸಲಾಯಿತು. ಸಮುದ್ರಾಹಾರವನ್ನು ವಾರಕ್ಕೆ ಎರಡು ಬಾರಿಗಿಂತ ಹೆಚ್ಚು ಸೇವಿಸಿದ ದಂಪತಿಗಳಲ್ಲಿ ಶೇಕಡಾ 92ರಷ್ಟು, ಕಡಿಮೆ ಸೇವಿಸಿದವರಲ್ಲಿ ಶೇಕಡಾ 79ರಷ್ಟು ಮಂದಿಗೆ ವರ್ಷದೊಳಗೆ ಗರ್ಭ ನಿಂತಿತ್ತು. ಹೆಚ್ಚು ತಿಂದವರ ಸಮಾಗಮವೂ ಹೆಚ್ಚು. ಇದಕ್ಕೆ ಮೀನೇ ಕಾರಣವೋ, ಇಬ್ಬರೂ ಕೂಡಿ ಕುಳಿತು ಉಂಡು ಕಳೆದ ಸಮಯ ಕಾರಣವೋ ಎಂಬುದನ್ನು ಇಂಥ ಸಮೀಕ್ಷೆ ಹೇಳಲಾರದು.

ಒಟ್ಟಿನಲ್ಲಿ ಮೀನು ಒಳ್ಳೆಯ ಆಹಾರ. ಕಾಮೋತ್ತೇಜಕ ಔಷಧಿಯೆಂದು ಸಾಬೀತಾಗಿಲ್ಲ. ಮೀನು, ಮರುವಾಯಿ ನಿಮಗೆ ಒಗ್ಗುವುದಾದರೆ ಚೆನ್ನಾಗಿ ಬೇಯಿಸಿ ತಿನ್ನಿ. ಹಸಿ ಸಿಂಪಿಯಲ್ಲಿರಬಹುದಾದ ವಿಬ್ರಿಯೋ ಎಂಬ ರೋಗಾಣು ಯಕೃತ್ತಿನ ಕಾಯಿಲೆ ಇರುವವರ ಪ್ರಾಣಕ್ಕೇ ಕುತ್ತು ತರಬಲ್ಲದು. ಸಸ್ಯಾಹಾರಿಗಳು ಚಿಂತಿಸಬೇಕಿಲ್ಲ; ಕಾಳು, ಎಳ್ಳು, ಕಡಲೆಕಾಯಿಯಲ್ಲೂ ಸತು ಉಂಟು.

ನಿಮಿರುವಿಕೆಯ ತೊಂದರೆ ಕೆಲವು ವಾರಗಳಿಂದಲೂ ಇದ್ದರೆ ಅದಕ್ಕೆ ಊಟದಲ್ಲಿ ಮದ್ದು ಹುಡುಕುತ್ತ ದಿನ ಕಳೆಯಬೇಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ರಕ್ತನಾಳಗಳ ಕಾಯಿಲೆಗೆ ಅದು ಮೊದಲ ಸೂಚನೆಯಾಗಿರಬಹುದು. ಹೆಸರಿಲ್ಲದ ಪುಡಿ, ಗುಳಿಗೆಗಳ ಗೊಡವೆಗೂ ಹೋಗಬೇಡಿ. ಕೆಲವದರಲ್ಲಿ ಸಿಲ್ಡೆನಾಫಿಲ್ ಬೆರೆಸಿರುವುದು ಪತ್ತೆಯಾಗಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ನುಂಗುವವರಿಗೆ ಇದು ಅಪಾಯಕಾರಿ. ನಿಮ್ಮ ವೈದ್ಯರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡು, ರಕ್ತದ ಸಕ್ಕರೆ ಮತ್ತು ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳಿ.