ಪಥ್ಯಕ್ಕೆ ಬೇಕು ಸತ್ಯದ ಸಂಗ

ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ಶ್ರೀಮಠದ ಭಕ್ತರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕವಾಗಿತ್ತು. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ಮನೆಗೆ ಬಂದಾಗ ಪತ್ನಿ ಲಕ್ಕಮ್ಮನವರು ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ತಿಳಿಹೇಳಿದರು. ಮಾರಯ್ಯನವರು ಹಾಗೆಯೇ ಮಾಡಿದರು. ಈ ಪ್ರಸಂಗವನ್ನು ನಾವು ಆಸೆಯನ್ನು ಗೆಲ್ಲುವ ಪಾಠವಾಗಿ ಕೇಳುತ್ತ ಬಂದಿದ್ದೇವೆ. ವೈದ್ಯನ ದೃಷ್ಟಿಗೆ ಅದರಲ್ಲಿ ಇನ್ನೊಂದು ಪಾಠವೂ ತೋರುತ್ತದೆ. ಅಳತೆ ಮೀರಿದುದು ತಂದವರಿಗೆ ಕಾಣಲಿಲ್ಲ, ಜೊತೆಯಲ್ಲಿದ್ದವರಿಗೆ ಕಂಡಿತು. ಕಂಡವರು ದಾಕ್ಷಿಣ್ಯಕ್ಕೆ ಒಳಗಾಗದೆ ಹೇಳಿದರು. ಕೇಳಿದವರು ಅವಮಾನವೆಂದು ಬಗೆಯದೆ ಒಪ್ಪಿದರು.

ಇಂದು ಅಳತೆ ಮೀರಿದ ಧಾನ್ಯವು ನಮ್ಮ ತಟ್ಟೆಯಲ್ಲಿದೆ. ಅದನ್ನು ತಗ್ಗಿಸಲು ಮನಸ್ಸು ಮಾಡಿದ ಸಕ್ಕರೆ ಕಾಯಿಲೆಯವರು ನಮ್ಮ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಸೀಮೆಯಲ್ಲಿ ಈಗ ಊರೂರಿಗೂ ಇದ್ದಾರೆ. ಅವರಲ್ಲಿ ಬಹುಪಾಲು ಜನ ಮೊದಲ ತಿಂಗಳು ಉತ್ಸಾಹದಿಂದ ನಡೆದು, ಮೂರನೆಯ ತಿಂಗಳಿಗೆ ಸದ್ದಿಲ್ಲದೆ ಹಳೆಯ ತಟ್ಟೆಗೆ ಮರಳುತ್ತಾರೆ. ಇದಕ್ಕೆ ಮನೋಬಲದ ಕೊರತೆಯೊಂದೇ ಕಾರಣವಲ್ಲ. ನಿಜವನ್ನು ಹೇಳಿಕೊಳ್ಳಬಲ್ಲ, ನಿಜವನ್ನು ಕೇಳಿಸಿಕೊಳ್ಳಬಲ್ಲ ಜೊತೆಗಾರರು ಇಲ್ಲದಿರುವುದೂ ದೊಡ್ಡ ಕಾರಣವಾಗಿದೆ.

ಮುದ್ದೆಯ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು, ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವಿದೆಯೆಂದೂ, 13 ಕೋಟಿ 60 ಲಕ್ಷ ಜನರು ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿದೆ. ಅದೇ ಅಧ್ಯಯನದ ಮುಂದುವರಿದ ಭಾಗವು 2025ರಲ್ಲಿ ತಿಳಿಸಿದಂತೆ, ಭಾರತೀಯರು ಆಹಾರದಿಂದ ಪಡೆಯುವ ಶಕ್ತಿಯಲ್ಲಿ ಶೇ. 62ರಷ್ಟು ಶರ್ಕರಪಿಷ್ಟದಿಂದಲೇ, ಎಂದರೆ ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ. ಅನ್ನ, ರೊಟ್ಟಿ, ಮುದ್ದೆ, ಬೆಲ್ಲ, ಸಕ್ಕರೆ ಎಲ್ಲವೂ ಇದರಲ್ಲಿ ಸೇರುತ್ತವೆ.

"ನಾನು ಅನ್ನ ಬಿಟ್ಟಿದ್ದೇನೆ, ಬರೀ ಮುದ್ದೆ ಉಣ್ಣುತ್ತೇನೆ, ಆದರೂ ಸಕ್ಕರೆ ಇಳಿಯುವುದಿಲ್ಲ" ಎಂಬ ಮಾತನ್ನು ನಮ್ಮ ಭಾಗದ ಯಾವ ವೈದ್ಯನೂ ಕೇಳದೆ ಇರಲಾರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದ್ದರೆ, ಅಷ್ಟೇ ರಾಗಿಯಲ್ಲಿ ಸುಮಾರು 67 ಗ್ರಾಂ ಇದೆ. ರಾಗಿಯಲ್ಲಿ ನಾರಿನಂಶ ಹೆಚ್ಚು, ಸುಣ್ಣದ ಅಂಶ ಬಹಳ ಹೆಚ್ಚು. ಆದುದರಿಂದ ಅದು ಅಕ್ಕಿಗಿಂತ ಮೇಲು. ಆದರೆ ಮುದ್ದೆಯಲ್ಲಿ ಸಕ್ಕರೆಯಾಗುವ ಅಂಶವೇ ಇಲ್ಲವೆಂಬುದು ತಪ್ಪು ತಿಳಿವಳಿಕೆ. ಹೊಲದಲ್ಲಿ ದಿನವಿಡೀ ದುಡಿದ ಹಿರಿಯರಿಗೆ ಎರಡು ದೊಡ್ಡ ಮುದ್ದೆ ಸರಿಹೋಗುತ್ತಿತ್ತು. ವೈ.ಎನ್. ಹೊಸಕೋಟೆಯಲ್ಲಿ ಮಗ್ಗದ ಮುಂದೆ ಕುಳಿತು ರೇಷ್ಮೆ ಸೀರೆ ನೇಯುವವರಿಗೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರಿಗೆ ಅದೇ ಎರಡು ಮುದ್ದೆ ಹೊರೆಯಾಗುತ್ತದೆ.

ಪಿಷ್ಟವನ್ನು ತಗ್ಗಿಸಿದಾಗ ಹಸಿವು ನೀಗಬೇಕಾದುದು ಕಾಳು, ಸೊಪ್ಪು, ತರಕಾರಿ, ಮೊಸರು, ಎಣ್ಣೆಬೀಜಗಳಿಂದ. ಇದಕ್ಕೆ ನಮ್ಮ ಬಯಲುಸೀಮೆಯಲ್ಲಿ ಬಡತನವಿಲ್ಲ. ಪಾವಗಡದ ಕೆಂಪು ನೆಲದಲ್ಲಿ ಬೆಳೆಯುವ ಶೇಂಗಾದಲ್ಲಿ ಪ್ರೋಟೀನು 100 ಗ್ರಾಂಗೆ ಸುಮಾರು 24 ಗ್ರಾಂ ಇದ್ದು, ಪಿಷ್ಟವು ಧಾನ್ಯಗಳಿಗಿಂತ ಬಹಳ ಕಡಿಮೆ. ಹುರುಳಿಯಲ್ಲಿ ಪಿಷ್ಟವಿದ್ದರೂ ಪ್ರೋಟೀನು ಸುಮಾರು 22 ಗ್ರಾಂ ಇದೆ. ತಟ್ಟೆಯ ಅರ್ಧ ಸೊಪ್ಪು-ತರಕಾರಿ, ಕಾಲು ಭಾಗ ಕಾಳು, ಉಳಿದ ಕಾಲು ಭಾಗ ಮಾತ್ರ ಮುದ್ದೆ ಅಥವಾ ಅನ್ನ ಎಂಬ ಅಳತೆಯಿಂದ ಸಸ್ಯಾಹಾರಿಗಳು ಪ್ರಾರಂಭಿಸಬಹುದು. ಚರಕ ಮಹರ್ಷಿಗಳೂ ಪ್ರಮೇಹಕ್ಕೆ ಸುಖಾಸನ, ಅತಿನಿದ್ರೆ, ಹೊಸ ಧಾನ್ಯ, ಬೆಲ್ಲದ ಪದಾರ್ಥಗಳನ್ನು ಕಾರಣವಾಗಿ ಎಣಿಸಿ, ಜವೆಗೋಧಿ, ಹೆಸರು, ಕಹಿ ತರಕಾರಿಗಳನ್ನು ಪಥ್ಯವೆಂದರು. ಅವರು ಧಾನ್ಯವನ್ನು ಪೂರ್ಣವಾಗಿ ನಿಷೇಧಿಸಲಿಲ್ಲ. ಯಾವುದು, ಎಷ್ಟು ಎಂಬುದನ್ನು ವಿಚಾರಿಸಿದರು.

ಚಿಕಿತ್ಸೆಯ ನಾಲ್ಕು ಪಾದಗಳು

ಚಿಕಿತ್ಸೆಗೆ ನಾಲ್ಕು ಪಾದಗಳಿವೆಯೆಂದು ಚರಕ ಸಂಹಿತೆಯ ಸೂತ್ರಸ್ಥಾನವು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪ್ರತಿಯೊಂದಕ್ಕೂ ನಾಲ್ಕು ಗುಣಗಳು. ರೋಗಿಗೆ ಇರಬೇಕಾದ ಗುಣಗಳೆಂದರೆ ನೆನಪು, ಹೇಳಿದಂತೆ ನಡೆಯುವಿಕೆ, ಧೈರ್ಯ ಮತ್ತು ಜ್ಞಾಪಕತ್ವ. ಜ್ಞಾಪಕತ್ವವೆಂದರೆ ತನ್ನ ಸ್ಥಿತಿಯನ್ನು ಇದ್ದದ್ದು ಇದ್ದಂತೆ ತಿಳಿಸುವ ಶಕ್ತಿ. ಪರಿಚಾರಕನ ಗುಣಗಳಲ್ಲಿ ಉಪಚಾರದ ತಿಳಿವು, ದಕ್ಷತೆ, ಶುಚಿತ್ವಗಳ ಜೊತೆಗೆ ಅನುರಾಗವೂ ಸೇರಿದೆ. ಸತ್ಯ ಹೇಳುವ ರೋಗಿ, ಪ್ರೀತಿಯುಳ್ಳ ಪರಿಚಾರಕ ಇವರಿಬ್ಬರಿಲ್ಲದೆ ಔಷಧವೊಂದೇ ಕೆಲಸ ಮಾಡದೆಂಬುದು ಪ್ರಾಚೀನರ ಅನುಭವ.

ಈಗಿನ ನಮ್ಮ ರೂಢಿಯಾದರೋ ಬೇರೆಯೇ ಆಗಿದೆ. ರಕ್ತಪರೀಕ್ಷೆಗೆ ಮೊದಲಿನ ನಾಲ್ಕು ದಿನ ಕಟ್ಟುನಿಟ್ಟಾಗಿದ್ದು, ಪರೀಕ್ಷೆ ಮುಗಿದ ಸಂಜೆಯೇ ಬೋಂಡದಂಗಡಿಗೆ ಹೋಗುವುದುಂಟು. ಖಾಲಿಹೊಟ್ಟೆಯ ಪರೀಕ್ಷೆಯನ್ನು ಹೀಗೆ ಒಂದಿಷ್ಟು ಮರೆಸಬಹುದು. ಎಚ್‌ಬಿಎ1ಸಿ ಪರೀಕ್ಷೆಯು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವುದರಿಂದ ಅದನ್ನು ಮರೆಸಲಾಗದು. ಆದರೆ ಆ ಸಂಖ್ಯೆ ಹೊರಬೀಳುವ ವೇಳೆಗೆ ಮೂರು ತಿಂಗಳು ಕಳೆದುಹೋಗಿರುತ್ತವೆ. ವಾರಕ್ಕೊಮ್ಮೆ ನಿಜ ಹೇಳಿಕೊಳ್ಳುವ ಜಾಗವಿದ್ದರೆ ಆ ಮೂರು ತಿಂಗಳು ಉಳಿಯುತ್ತವೆ.

ಹೊರನಾಡಿನ ಎರಡು ನಿದರ್ಶನ

ಧಾನ್ಯ-ಸಕ್ಕರೆ ತಗ್ಗಿಸುವ ಪಥ್ಯವು ಪಶ್ಚಿಮದೇಶಗಳಲ್ಲಿ ಜನಪ್ರಿಯವಾದುದು ರೋಗಿಯೊಬ್ಬರ ಪತ್ರದಿಂದ. ಲಂಡನ್ನಿನಲ್ಲಿ ಅಂತ್ಯಕ್ರಿಯೆಯ ವ್ಯವಸ್ಥೆ ಮಾಡುವ ವೃತ್ತಿಯಲ್ಲಿದ್ದ ವಿಲಿಯಂ ಬ್ಯಾಂಟಿಂಗ್ ಎಂಬುವರು ಸ್ಥೂಲಕಾಯದಿಂದ ಬಳಲಿ, ವೈದ್ಯ ವಿಲಿಯಂ ಹಾರ್ವೆಯವರ ಸಲಹೆಯಂತೆ ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗೆಡ್ಡೆಗಳನ್ನು ಬಿಟ್ಟರು. ಸುಮಾರು ಒಂದು ವರ್ಷದಲ್ಲಿ 202 ಪೌಂಡಿನಿಂದ 156 ಪೌಂಡಿಗೆ ಇಳಿದರು. 1863ರಲ್ಲಿ ಅವರು ಸಾರ್ವಜನಿಕರಿಗೆ ಬರೆದ ಪತ್ರರೂಪದ ಕಿರುಹೊತ್ತಗೆಯನ್ನು ತಮ್ಮ ಖರ್ಚಿನಲ್ಲಿಯೇ ಅಚ್ಚು ಮಾಡಿಸಿದರು. ಬೂಟಿನ ದಾರ ಕಟ್ಟಲು ಬಗ್ಗಲಾಗದಿದ್ದುದು, ಮೆಟ್ಟಿಲಿಳಿಯುವಾಗ ಹಿಮ್ಮುಖವಾಗಿ ಇಳಿಯಬೇಕಾಗಿದ್ದುದು, ಮೊದಲು ಮಾಡಿದ ಪ್ರಯತ್ನಗಳು ಸೋತದ್ದು ಎಲ್ಲವನ್ನೂ ಅವರು ಮರೆಮಾಡದೆ ಬರೆದರು. ಅವರ ಪಥ್ಯದಲ್ಲಿದ್ದ ಮಾಂಸ, ಮದ್ಯಗಳು ನಮಗೆ ಬೇಡ. ಆ ನಿಸ್ಸಂಕೋಚ ಮಾತ್ರ ಬೇಕು.

ಎರಡನೆಯದು ನ್ಯೂಯಾರ್ಕಿನ ಗೃಹಿಣಿ ಜೀನ್ ನಿಡೆಚ್ ಅವರದು. ಅವರದು ಕಡಿಮೆ ಪಿಷ್ಟದ ಕಟ್ಟುನಿಟ್ಟು ಪಥ್ಯವಲ್ಲ, ತೂಕ ಇಳಿಸುವ ಸಾಮಾನ್ಯ ಪಥ್ಯ. 1961ರಲ್ಲಿ ಅವರು ನಗರದ ಆರೋಗ್ಯ ಇಲಾಖೆಯ ಚಿಕಿತ್ಸಾಲಯಕ್ಕೆ ಹೋಗುತ್ತಿದ್ದರೂ ಮನೆಯಲ್ಲಿ ಬಚ್ಚಿಟ್ಟ ಬಿಸ್ಕತ್ತುಗಳನ್ನು ತಿನ್ನುತ್ತಿದ್ದರು. ಅಲ್ಲಿ ಹೇಳಲಾಗದ ಗುಟ್ಟನ್ನು ಆರು ಮಂದಿ ಗೆಳತಿಯರನ್ನು ಮನೆಗೆ ಕರೆದು ಹೇಳಿಕೊಂಡರು. ಕೇಳಿದ ಗೆಳತಿಯರೂ ತಂತಮ್ಮ ಗುಟ್ಟುಗಳನ್ನು ಹೇಳಿದರು. ಆ ಮನೆಯ ಕೂಟವೇ ಬೆಳೆದು 1963ರಲ್ಲಿ ವೆಯ್ಟ್ ವಾಚರ್ಸ್ ಎಂಬ ದೊಡ್ಡ ಸಂಸ್ಥೆಯಾಯಿತು. ಒಬ್ಬರು ಮೊದಲು ನಿಜ ಹೇಳಿದುದರಿಂದ ಉಳಿದವರ ಬಾಯಿಯೂ ತೆರೆಯಿತು.

ನಮಗೆ ಇದು ಹೊರಗಿನಿಂದ ಬರಬೇಕಾದ ವಿದ್ಯೆಯಲ್ಲ. ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಅಧ್ಯಕ್ಷತೆಯಲ್ಲಿ ನಾನಾ ಕಾಯಕದ ಶರಣ-ಶರಣೆಯರು ಒಬ್ಬರನ್ನೊಬ್ಬರು ಪ್ರಶ್ನಿಸುತ್ತ, ಒರೆಗೆ ಹಚ್ಚುತ್ತ ಬೆಳೆದರು. ನಮ್ಮದು ಅದೇ ಪರಂಪರೆ.

ಮೂರು ಬಗೆಯ ಅಸತ್ಯ

ಪಥ್ಯದವರ ನಡುವೆ ಸುಳಿಯುವ ಅಸತ್ಯಗಳು ಮೂರು. ಮೊದಲನೆಯದು ನಾಚಿಕೆಯ ಅಸತ್ಯ: ತಿಂದುದನ್ನು ಮುಚ್ಚಿಡುವುದು. ಗದರಿಸುವವರ ಮುಂದೆ ಯಾರೂ ನಿಜ ಹೇಳುವುದಿಲ್ಲ. ಆದುದರಿಂದ ಇದರ ಹೊಣೆ ಕೇಳುವವರದೂ ಹೌದು. ಎರಡನೆಯದು ದಾಕ್ಷಿಣ್ಯದ ಅಸತ್ಯ: "ಹಬ್ಬದ ದಿನ ಒಂದು ಒಬ್ಬಟ್ಟಿಗೆ ಏನೂ ಆಗುವುದಿಲ್ಲ, ಹಾಕಿಸಿಕೊಳ್ಳಿ" ಎಂಬ ಒತ್ತಾಯ. ಒತ್ತಾಯಿಸುವವರು ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಮರುದಿನದ ಸಕ್ಕರೆಯನ್ನು ಅವರು ಹೊರುವುದಿಲ್ಲ.

ಮೂರನೆಯದು ಹೆಮ್ಮೆಯ ಅಸತ್ಯ. ಇದೇ ಅತ್ಯಂತ ಅಪಾಯಕರ. "ಧಾನ್ಯ ಬಿಟ್ಟೆ, ಮಾತ್ರೆಯನ್ನೂ ಬಿಟ್ಟೆ, ಕಾಯಿಲೆ ಬೇರುಸಹಿತ ಹೋಯಿತು" ಎಂದು ಒಬ್ಬರು ಹೇಳಿದರೆ ಹತ್ತು ಜನ ನಂಬುತ್ತಾರೆ. ಮಾತ್ರೆಗಳಿಲ್ಲದೆ ಕನಿಷ್ಠ ಮೂರು ತಿಂಗಳು ಎಚ್‌ಬಿಎ1ಸಿ 6.5ಕ್ಕಿಂತ ಕೆಳಗಿದ್ದರೆ ವೈದ್ಯರು ಅದನ್ನು ರೋಗದ ಉಪಶಮನವೆನ್ನುತ್ತಾರೆ, ನಿರ್ಮೂಲವೆನ್ನುವುದಿಲ್ಲ. ತೂಕ ಮರಳಿದರೆ, ಹಳೆಯ ಆಹಾರ ಮರಳಿದರೆ ರೋಗವೂ ಮರಳಬಹುದು. ಕೇಳಿದವರಲ್ಲಿ ಇನ್ಸುಲಿನ್ ಅವಲಂಬಿಸಿದವರಿದ್ದು, ಅವರು ಅದನ್ನು ಏಕಾಏಕಿ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು. ಸಿದ್ಧರಬೆಟ್ಟದ ಮೂಲಿಕೆಗಳಲ್ಲಿ, ಮಧುನಾಶಿನಿ, ಅಮೃತಬಳ್ಳಿಗಳಲ್ಲಿ ಗೌರವವುಳ್ಳ ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ: ಯಾವ ಕಷಾಯವೂ ಇನ್ಸುಲಿನ್ನಿನ ಸ್ಥಾನವನ್ನು ತುಂಬಲಾರದು.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆಯನ್ನು ಹಿಂದಿನ ಪ್ರಮಾಣದಲ್ಲಿಯೇ ಸೇವಿಸುತ್ತ ಅನ್ನ-ಮುದ್ದೆಯನ್ನು ಮಾತ್ರ ತಟ್ಟನೆ ತಗ್ಗಿಸಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ನಡುಕ, ಎದೆಬಡಿತ, ಮಾತು ತೊದಲುವುದು ಇದರ ಲಕ್ಷಣಗಳು. ಆಗ ಪಥ್ಯವನ್ನು ಬದಿಗಿಟ್ಟು ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿದು ಆಸ್ಪತ್ರೆಗೆ ಹೋಗಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಹೊಸ ಬಗೆಯ ಮಾತ್ರೆ ಸೇವಿಸುವವರು, ಮೂತ್ರಪಿಂಡದ ತೊಂದರೆಯುಳ್ಳವರು, ಗರ್ಭಿಣಿಯರು ತಮ್ಮ ವೈದ್ಯರ ಒಪ್ಪಿಗೆಯಿಲ್ಲದೆ ಈ ಪಥ್ಯಕ್ಕೆ ಇಳಿಯಲೇಬಾರದು.

ಪ್ರಸಾದದ ಪಂಕ್ತಿಯಲ್ಲಿ

ಭಕ್ತರನ್ನು ಕಾಡುವ ಪ್ರಶ್ನೆಯೊಂದಿದೆ: ದಾಸೋಹದಲ್ಲಿ ಕುಳಿತಾಗ ಅನ್ನ, ಪಾಯಸ ಬೇಡವೆನ್ನುವುದು ಪ್ರಸಾದಕ್ಕೆ ಅಗೌರವವಲ್ಲವೆ? ನೀಡಿಸಿಕೊಂಡುದನ್ನು ಎಲೆಯಲ್ಲಿ ಬಿಡುವುದು ಅಗೌರವ. ಬೇಕಾದಷ್ಟನ್ನು ಮಾತ್ರ ನೀಡಿಸಿಕೊಂಡು ಒಂದಗುಳೂ ಬಿಡದೆ ಸ್ವೀಕರಿಸುವುದು ಪ್ರಸಾದನಿಷ್ಠೆಗೆ ಒಪ್ಪಿದ ನಡೆ. ಒಂದು ಚಮಚ ಪಾಯಸವೂ ಪ್ರಸಾದವೇ. ಬಡಿಸುವ ಸೇವಾಕರ್ತರು "ಸಾಕು" ಎಂದವರಿಗೆ ಮತ್ತೆ ಬಡಿಸದೆ, ಪಲ್ಯ ಮತ್ತು ಕೋಸಂಬರಿಯನ್ನು ಒಂದು ಸೌಟು ಹೆಚ್ಚು ನೀಡಿದರೆ ಅದೂ ಒಂದು ದಾಸೋಹವೇ ಸರಿ.

ತಾಯಂದಿರ ವಿಷಯದಲ್ಲಿ ಒಂದು ಮಾತು. ಎಲ್ಲರ ಊಟವಾದ ಮೇಲೆ ಕೂರುವ ತಾಯಿ, ಉಳಿದ ಅನ್ನ ಕೆಡಬಾರದೆಂದು ತನ್ನ ಹಸಿವಿಗಿಂತ ಹೆಚ್ಚು ಉಣ್ಣುತ್ತಾಳೆ. ಸೊಪ್ಪು, ಕಾಳು ಆ ವೇಳೆಗೆ ಮುಗಿದಿರುತ್ತವೆ. "ಪಥ್ಯ ಮಾಡಮ್ಮಾ" ಎಂದು ಆಕೆಗೆ ಹೇಳಿದರೆ ಸಾಲದು. ಅಕ್ಕಿ ಅಳೆಯುವಾಗಲೇ ಅರ್ಧ ಪಾವು ತಗ್ಗಿಸಬೇಕು, ಆಕೆಯ ಪಾಲಿನ ಪಲ್ಯವನ್ನು ಮೊದಲೇ ತೆಗೆದಿಡಬೇಕು. ಇದು ಮನೆಮಂದಿಯೆಲ್ಲ ಸೇರಿ ಮಾಡಬೇಕಾದ ಪಥ್ಯ.

ಸಂಗವನ್ನು ಕಟ್ಟುವ ಬಗೆ

ಐದರಿಂದ ಏಳು ಜನ ಸಾಕು. ನೆರೆಹೊರೆಯವರು ವಾರಕ್ಕೊಮ್ಮೆ ಸೋಮವಾರದ ಪೂಜೆಯ ನಂತರ ಅರ್ಧ ಗಂಟೆ ಕೂಡಬಹುದು. ದೂರದ ಹಳ್ಳಿಯವರು ಅಮಾವಾಸ್ಯೆಗೆ ಮಠಕ್ಕೆ ಬಂದಾಗ ಸೇರಬಹುದು. ತಾಯಂದಿರು ಬಯಸಿದರೆ ತಮ್ಮದೇ ಕೂಟ ಮಾಡಿಕೊಳ್ಳಲಿ. ಪ್ರತಿಯೊಬ್ಬರ ಬಳಿಯೂ ಒಂದು ಚಿಕ್ಕ ಪುಸ್ತಕವಿರಲಿ. ಅದರಲ್ಲಿ ಉಂಡದ್ದು, ನಡೆದದ್ದು, ತೂಕ, ಸಕ್ಕರೆಯ ಸಂಖ್ಯೆ, ಸೇವಿಸುವ ಮಾತ್ರೆ ಈ ಐದನ್ನು ಬರೆಯಲಿ. ಒಳ್ಳೆಯ ಸಂಖ್ಯೆಯನ್ನು ಓದುವಂತೆಯೇ ಕೆಟ್ಟ ಸಂಖ್ಯೆಯನ್ನೂ ಓದಲಿ.

ನಿಯಮಗಳು ಕೆಲವೇ. ಪಥ್ಯ ತಪ್ಪಿದವರು ಮೊದಲು ಮಾತನಾಡಲಿ, ಉಳಿದವರು ನಗದೆ ಕೇಳಲಿ. ಕೇಳದೆ ಉಪದೇಶ ಬೇಡ, "ಯಾವ ಹೊತ್ತಿನಲ್ಲಿ ತಪ್ಪಿತು? ಮುಂದಿನ ಬಾರಿ ಏನು ಮಾಡೋಣ?" ಎಂಬ ಎರಡು ಪ್ರಶ್ನೆ ಸಾಕು. ಸಂಜೆ ಐದರ ಚಹಾದ ಜೊತೆಯಲ್ಲಿ ಮಂಡಕ್ಕಿ ತಪ್ಪುತ್ತಿಲ್ಲವೆಂದು ಒಬ್ಬರು ಹೇಳಿದರೆ, ಆ ಹೊತ್ತಿಗೆ ಒಂದು ಹಿಡಿ ಬೇಯಿಸಿದ ಶೇಂಗಾ ಸಿದ್ಧವಾಗಿಡಬಹುದೆಂದು ಇನ್ನೊಬ್ಬರು ತಮ್ಮ ಅನುಭವ ಹೇಳಬಹುದು. ಔಷಧದ ಪ್ರಮಾಣವನ್ನು ಸಂಗದವರು ಯಾರೂ ಬದಲಿಸಬಾರದು. ಅದು ವೈದ್ಯರ ಕೆಲಸ. ಅಲ್ಲಿ ಕೇಳಿದ ಮಾತು ಹೊರಗೆ ಹೋಗಬಾರದು. ಒಂದು ಸಲ ಅದು ಕಟ್ಟೆಯ ಮೇಲಿನ ಹರಟೆಯಾದರೆ ಮರುವಾರದಿಂದ ಯಾರೂ ನಿಜ ಹೇಳುವುದಿಲ್ಲ. ಎರಡು ವಾರ ಬಾರದವರ ಮನೆಗೆ ಒಬ್ಬರು ಹೋಗಿ ಕ್ಷೇಮ ವಿಚಾರಿಸಲಿ. ಸೋತವರು ಮುಖ ತೋರಿಸಲು ಹಿಂಜರಿಯುತ್ತಾರೆ. ಸಂಗದ ಅಗತ್ಯ ಹೆಚ್ಚಾಗಿರುವುದೂ ಅವರಿಗೇ.

ಪ್ರಾರಂಭಿಸುವ ಮೊದಲು ಎಲ್ಲರೂ ಎಚ್‌ಬಿಎ1ಸಿ ಹಾಗೂ ಮೂತ್ರಪಿಂಡದ ಪರೀಕ್ಷೆ ಮಾಡಿಸಿ, ತಾವು ಸೇವಿಸುವ ಔಷಧಗಳ ಪಟ್ಟಿಯೊಂದಿಗೆ ತಮ್ಮ ವೈದ್ಯರನ್ನು ಕಾಣಬೇಕು. ಮೂರು ತಿಂಗಳಾದ ಮೇಲೆ ಅದೇ ಪರೀಕ್ಷೆಗಳನ್ನು ಮತ್ತೆ ಮಾಡಿಸಿ, ಎರಡೂ ಚೀಟಿಗಳನ್ನು ಸಂಗದ ಮುಂದೆ ಇಡಬೇಕು. ಸಂಖ್ಯೆ ಇಳಿದಿದ್ದರೆ ಎಲ್ಲರೂ ಸಂತೋಷಪಡಲಿ. ಇಳಿಯದಿದ್ದರೆ ಕಾರಣವನ್ನು ಕೂಡಿಯೇ ಹುಡುಕಲಿ. ಸದ್ಭಕ್ತರು ತಮ್ಮ ಊರಿನಲ್ಲಿ ಇಂಥದೊಂದು ಕೂಟವನ್ನು ಮುಂದಿನ ಸೋಮವಾರವೇ ಆರಂಭಿಸಲೆಂದು ಹಾರೈಸುತ್ತೇನೆ.