ಕನ್ನಡಿ ಡಿಸ್ಕ್ ಇದ್ದೂ ಏಳದ ಕಂಪ್ಯೂಟರ್

ಬೆಳಿಗ್ಗೆ ಐದೂವರೆಗೆ ಇಂದಾಪುರದಿಂದ ಭಾವನ ಫೋನ್. “ಕನ್ನಡಿ ಕನ್ನಡಿ ಅಂತಿದ್ದಿ, ಇಲ್ಲಿ ಮಾರೀನೇ ಕಾಣವಲ್ದು ನೋಡಪ್ಪಾ.”

ಭಾವ ಇಂಡಿ ಕಡೆಯವರು. ಭೀಮೆ ಎರಡೂ ತಾಲೂಕು ಮುಟ್ಟಿ ಹರಿಯುವುದರಿಂದ ತಾವು ಊರು ಬಿಟ್ಟೇ ಇಲ್ಲ ಎಂಬುದು ಅವರ ವಾದ. ಇಂದಾಪುರದಲ್ಲಿ ಅವರದು ಹಾಲು ಸಂಗ್ರಹ ಕೇಂದ್ರ. ರೈತರು ತಂದ ಹಾಲಿನ ಲೀಟರು, ಫ್ಯಾಟು ಎಲ್ಲ ಒಂದೇ ಕಂಪ್ಯೂಟರಿನಲ್ಲಿ. ಹತ್ತು ದಿನಕ್ಕೊಮ್ಮೆ ಬಟವಾಡೆ, ಅದು ಮರುದಿನವೇ ಇತ್ತು.

ಎರಡು ವರ್ಷದ ಹಿಂದೆ ನಾನೇ ಅದಕ್ಕೆ ಎರಡು ಎಸ್‌ಎಸ್‌ಡಿ ಹಾಕಿ, ಲಿನಕ್ಸಿನಲ್ಲಿ ರೇಡ್-1 ಮಾಡಿಕೊಟ್ಟಿದ್ದೆ. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ 1988ರಲ್ಲಿ ರೇಡ್ ಬಗ್ಗೆ ಬರೆದ ಪ್ರಬಂಧದಲ್ಲಿ ಮೊದಲ ಹಂತವೇ ಈ ಕನ್ನಡಿ: ಬರೆದದ್ದೆಲ್ಲ ಎರಡೂ ಡಿಸ್ಕಿಗೆ, ಒಂದು ಸತ್ತರೆ ಇನ್ನೊಂದು.

ಸೋಲಾಪುರ ರಸ್ತೆ ಹಿಡಿದೆ. ಭಿಗವಣದಲ್ಲಿ ಫ್ಲೆಮಿಂಗೊ ನೋಡುವ ಮನಸ್ಸಿರಲಿಲ್ಲ. ಹೋಗಿ ಪೆನ್‌ಡ್ರೈವಿನಿಂದ ಬೂಟ್ ಮಾಡಿದರೆ, ಎರಡನೇ ಡಿಸ್ಕಿನಲ್ಲಿ ಲೆಕ್ಕವೆಲ್ಲ ಭದ್ರ. ಮೊದಲನೆಯದು ಸತ್ತು ಮೂರು ವಾರವಾಗಿತ್ತು! ಡಿಸ್ಕ್ ಕೆಟ್ಟರೆ ಮೇಲ್ ಬರುವಂತೆ ಮಾಡದೆ ಬಿಟ್ಟವನು ನಾನೇ. ಯಂತ್ರ ಒಂದೇ ಡಿಸ್ಕಿನ ಮೇಲೆ ಸುಮ್ಮನೆ ನಡೆದಿತ್ತು. ರಾತ್ರಿ ಕರೆಂಟು ಹೋಗಿ ಬಂದ ಮೇಲೆ ಏಳಲಿಲ್ಲ.

ಓಡುತ್ತಿರುವುದು ಬೇರೆ, ಏಳುವುದು ಬೇರೆ. ಕನ್ನಡಿ ಹಿಡಿಯುವುದು ಲಿನಕ್ಸ್ ಕರ್ನೆಲ್. ಆದರೆ ಗುಂಡಿ ಒತ್ತಿದಾಗ ಮೊದಲು ಏಳುವುದು ಮದರ್‌ಬೋರ್ಡಿನ ಯುಇಎಫ್ಐ. ಅದಕ್ಕೆ ಲಿನಕ್ಸಿನ ರೇಡ್ ಗೊತ್ತಿಲ್ಲ. ಅದು ಹುಡುಕುವುದು ಫ್ಯಾಟ್ ಮಾದರಿಯ ಒಂದು ಸಣ್ಣ ಬೂಟ್ ಪಾರ್ಟಿಶನ್ (ಹಾಲಿನ ಫ್ಯಾಟ್ ಅಲ್ಲ ಎಂದು ಭಾವನಿಗೆ ಬೇರೆ ಹೇಳಬೇಕಾಯಿತು). ಅದನ್ನು ನಾನು ಮೊದಲ ಡಿಸ್ಕಿನಲ್ಲಿ ಮಾತ್ರ ಮಾಡಿದ್ದೆ. ಮನೆ ಎರಡು, ಬೀಗದ ಕೈ ಒಂದೇ.

ಈ ಸಲ ಹೊಸ ಡಿಸ್ಕ್ ಸೇರಿಸಿ, ಎರಡರಲ್ಲೂ ಬೂಟ್ ಪಾರ್ಟಿಶನ್ ಮಾಡಿ, ಎರಡಕ್ಕೂ ಗ್ರಬ್ ಹಾಕಿ, ಯುಇಎಫ್ಐ ಪಟ್ಟಿಯಲ್ಲಿ ಎರಡು ಹೆಸರು ಸೇರಿಸಿದೆ. ಎಫ್‌ಎಸ್‌ಟ್ಯಾಬಿನಲ್ಲಿ ಬೂಟ್ ಪಾರ್ಟಿಶನ್‌ಗೆ ‘ನೋಫೇಲ್’ ಬರೆದೆ. ಇಲ್ಲದಿದ್ದರೆ ಆ ಡಿಸ್ಕ್ ಕಾಣೆಯಾದಾಗ ಸಿಸ್ಟಮ್ ಅರ್ಧದಲ್ಲೇ ಎಮರ್ಜೆನ್ಸಿ ಮೋಡಿನಲ್ಲಿ ಕೂತುಬಿಡುತ್ತದೆ. ಗ್ರಬ್ ಅಪ್‌ಡೇಟ್ ಆದಾಗ ಎರಡೂ ಕಡೆ ಆಗಿದೆಯೇ ನೋಡಬೇಕು, ಅದೊಂದು ತಲೆನೋವು. ಲೆಕ್ಕದ ಪ್ರತಿಯೊಂದು ದಿನವೂ ಬೇರೆ ಕಡೆ ಹೋಗುವಂತೆಯೂ ಮಾಡಿದೆ. ಕನ್ನಡಿ ಬ್ಯಾಕಪ್ ಅಲ್ಲ; ತಪ್ಪಿ ಅಳಿಸಿದ್ದು ಎರಡೂ ಕಡೆ ಅಳಿಸಿಹೋಗುತ್ತದೆ.

ಆಮೇಲೆ, ಎರಡು ವರ್ಷದ ಹಿಂದೆಯೇ ಮಾಡಬೇಕಿದ್ದ ಕೆಲಸ. ಯಂತ್ರ ಆರಿಸಿ ಮೊದಲ ಡಿಸ್ಕಿನ ಕೇಬಲ್ ಕಿತ್ತು ಚಾಲೂ ಮಾಡಿದೆ. ಭಾವ ಉಸಿರು ಬಿಗಿಹಿಡಿದು ನಿಂತಿದ್ದರು. ಸ್ವಲ್ಪ ತಡೆದು ಲೆಕ್ಕದ ಪರದೆ ಬಂತು.

“ಈಗ ಇನ್ನೊಂದು ಕಿತ್ತು ನೋಡು.”

“ತಡೀರಿ ಭಾವ, ಮೊದಲು ಇದನ್ನ ಜೋಡಿಸಿ ಎರಡೂ ಸಮ ಆಗಲಿ.”

ಅಷ್ಟರಲ್ಲಿ ಸಂಜೆಯ ಹಾಲಿನ ಕ್ಯಾನುಗಳು ಬಂದವು. ಎರಡನೆಯದನ್ನು ಕಿತ್ತು ನೋಡಿದ್ದು ರಾತ್ರಿ ಎಂಟಕ್ಕೆ, ಕೊನೆಯ ರೈತ ಚೀಟಿ ತಗೊಂಡು ಹೋದ ಮೇಲೆ.